ಆಡಳಿತ ಮಂಡಳಿಗೆ ಸಾಫ್ಟ್‌ವೇರ್: ಕೊಳ್ಳುವ ಮೊದಲು ನಿಮ್ಮ ಅಜೆಂಡಾ ತೆಗೆದು ನೋಡಿ

ಪ್ರಶ್ನೆ: ನಾನು ಉಡುಪಿ ಜಿಲ್ಲೆಯ ಒಂದು ಸೇವಾ ಒಕ್ಕೂಟದ ಜತೆ ಕಾರ್ಯದರ್ಶಿ. 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯಡಿ ನೋಂದಾಯಿಸಿದ ಸಂಸ್ಥೆ ನಮ್ಮದು. ನಾವು ನೇರವಾಗಿ ಏನನ್ನೂ ನಡೆಸುವುದಿಲ್ಲ. ಎರಡು ಶಾಲೆ, ಒಂದು ಹಾಸ್ಟೆಲ್, ಒಂದು ವೃದ್ಧಾಶ್ರಮ, ಒಂದು ವಿದ್ಯಾರ್ಥಿವೇತನ ನಿಧಿ ಇವೆ; ಇವುಗಳ ಲೆಕ್ಕ, ನೇಮಕಾತಿ, ದೂರುಗಳ ಮೇಲೆ ಕಣ್ಣಿಡುವುದು ನಮ್ಮ ಕೆಲಸ. ಮಂಡಳಿಯಲ್ಲಿ 19 ಜನ. ನಾಲ್ವರು ಮುಂಬಯಿಯಲ್ಲಿ, ಇಬ್ಬರು ದುಬೈಯಲ್ಲಿ. ಹೆಚ್ಚಿನವರು 60 ದಾಟಿದವರು. ಇಬ್ಬರು ಹಾಸ್ಟೆಲಿನ ಆಡಳಿತ ಸಮಿತಿಯಲ್ಲೂ ಇದ್ದಾರೆ. ಸಭೆಯ ಕಾಗದಪತ್ರವೆಲ್ಲ ವಾಟ್ಸಾಪ್ ಗ್ರೂಪಿಗೇ ಹಾಕುವುದು. ಕಳೆದ ಸಲ ಹಾಸ್ಟೆಲ್ ವಾರ್ಡನ್ ಮೇಲೆ ಪೋಷಕರೊಬ್ಬರು ಕೊಟ್ಟ ದೂರಿನ ವಿಚಾರಣಾ ವರದಿಯನ್ನು ಗ್ರೂಪಿಗೆ ಹಾಕಿದೆವು. ರಾತ್ರಿಯೊಳಗೆ ಅದು ವಾರ್ಡನ್ ಫೋನಿನಲ್ಲಿತ್ತು. ಈಗ ಸದಸ್ಯರೊಬ್ಬರ ಸಲಹೆಯಂತೆ ಒಂದು ಕಂಪನಿಯವರು ಬಂದು, ಸಭೆಯ ಕಾಗದ ಹಂಚಲು, ನಡಾವಳಿ ಇಡಲು ಬಳಸುವ ಬೋರ್ಡ್ ಮ್ಯಾನೇಜ್‌ಮೆಂಟ್ ಸಾಫ್ಟ್‌ವೇರ್ ತೋರಿಸಿದ್ದಾರೆ. ವರ್ಷಕ್ಕೆ ಅವರು ಕೇಳುವುದು ನಮ್ಮ ಎಲ್ಲ ಸಭೆಗಳ ಖರ್ಚಿನ ನಾಲ್ಕು ಪಟ್ಟು. ‘ಕೈಬರಹದ ನಡಾವಳಿ ಪುಸ್ತಕ ಬಿಟ್ಟು ಬೇರೆ ಯಾವುದೂ ಕಾನೂನಿಗೆ ನಿಲ್ಲುವುದಿಲ್ಲ’ ಎನ್ನುತ್ತಾರೆ ಅಧ್ಯಕ್ಷರು. ‘ನಮ್ಮ ಗುಟ್ಟೆಲ್ಲ ಅಮೆರಿಕದ ಕಂಪ್ಯೂಟರಿಗೆ ಹೋಗ್ತದೆ’ ಎಂಬುದು ಕೋಶಾಧಿಕಾರಿಗಳ ಮಾತು. ಹಿರಿಯರಿಗೆ ಇದು ಒಗ್ಗೀತೇ? ಹಾಕಿಸಿಕೊಳ್ಳಬೇಕೇ, ಬೇಡವೇ?

ಉತ್ತರ: ಪತ್ರದಲ್ಲಿ ನಾಲ್ಕೈದು ಪ್ರಶ್ನೆ ಇದ್ದರೂ ನಿಮ್ಮ ನಿದ್ದೆ ಕೆಡಿಸಿರುವುದು ಒಂದೇ, ಆ ವರದಿ ಹೊರಗೆ ಹೋದದ್ದು. ಅಲ್ಲಿಂದಲೇ ಶುರು ಮಾಡುತ್ತೇನೆ.

ವಿಚಾರಣಾ ವರದಿಯನ್ನು ಸಭೆಗೆ ಮೊದಲೇ ಓದಲೇಬೇಕಾಗಿದ್ದವರು ಎಷ್ಟು ಜನ? ವಿಚಾರಣೆ ನಡೆಸಿದವರು, ಅಧ್ಯಕ್ಷರು, ಕಾರ್ಯದರ್ಶಿ. ಎಷ್ಟೇ ಉದಾರವಾಗಿ ಎಣಿಸಿದರೂ ಆರೇಳು ಮಂದಿ. ನೀವು ಕೊಟ್ಟದ್ದು 19 ಜನಕ್ಕೆ, ಅದರಲ್ಲಿ ಇಬ್ಬರು ಆ ಹಾಸ್ಟೆಲಿನವರೇ. ವಾಟ್ಸಾಪ್ ಬದಲು ಅತಿ ದುಬಾರಿಯ ಪೋರ್ಟಲ್ ಇದ್ದು, ಅದರಲ್ಲೂ ಹೀಗೆಯೇ ಎಲ್ಲರಿಗೂ ಹಾಕಿದ್ದರೆ ವರದಿ ಅದೇ ರಾತ್ರಿ ವಾರ್ಡನ್ ಕೈ ಸೇರುತ್ತಿತ್ತು. ಒಂದು ಫೋನಿನ ಪರದೆಯನ್ನು ಇನ್ನೊಂದು ಫೋನಿನಲ್ಲಿ ಫೋಟೊ ಹೊಡೆಯುವುದನ್ನು ತಡೆಯುವ ಸಾಫ್ಟ್‌ವೇರ್ ಈವರೆಗೆ ಹುಟ್ಟಿಲ್ಲ. ಪ್ರತಿ ಪುಟದ ಮೇಲೆ ಓದುವವರ ಹೆಸರನ್ನೇ ತೆಳುವಾಗಿ ಮೂಡಿಸುವ ವಾಟರ್‌ಮಾರ್ಕ್ ಎಂಬ ಸೌಲಭ್ಯ ಇರುತ್ತದೆ. ಅದರಿಂದ ಹಂಚುವವರ ಕೈ ಒಮ್ಮೆ ನಡುಗೀತು, ಅಷ್ಟೆ.

ಹಾಗಾದರೆ ಸಾಫ್ಟ್‌ವೇರಿನಿಂದ ಲಾಭವೇ ಇಲ್ಲವೇ ಎಂದರೆ, ನಿಮ್ಮಂಥ ಸಂಸ್ಥೆಗೆ ಒಂದು ದೊಡ್ಡ ಲಾಭ ಉಂಟು. ಏಳನೆಯ ವಿಷಯದ ಕಾಗದ ಈ ಇಬ್ಬರಿಗೆ ಕಾಣಬಾರದು, ಉಳಿದ ಎಲ್ಲ ವಿಷಯ ಕಾಣಬೇಕು ಎಂದು ವಿಷಯವಾರು ಬಾಗಿಲು ಹಾಕಲು ಬರುತ್ತದೆ. ಒಂದೇ ಸಂಸ್ಥೆ ನಡೆಸುವ ಟ್ರಸ್ಟಿಗೆ ಇದರ ಅಗತ್ಯ ವರ್ಷಕ್ಕೊಮ್ಮೆ ಬಂದರೆ ಹೆಚ್ಚು. ಮೇಲುಸ್ತುವಾರಿಯೇ ಕೆಲಸವಾದ ನಿಮಗೆ ಪ್ರತಿ ಸಭೆಯಲ್ಲೂ ಬರುತ್ತದೆ. ಯಾಕೆಂದರೆ ನಮ್ಮ ಊರುಗಳಲ್ಲಿ ಒಬ್ಬರೇ ಮೂರು ಟ್ರಸ್ಟಿನಲ್ಲಿ ಸದಸ್ಯರು, ಒಂದು ದೇವಸ್ಥಾನದ ಮೊಕ್ತೇಸರರು, ಇನ್ನೊಂದು ಶಾಲೆಯ ಗೌರವಾಧ್ಯಕ್ಷರು; ತಪಾಸಣೆ ಮಾಡುವವರು ಮತ್ತು ತಪಾಸಣೆಗೆ ಒಳಗಾಗುವವರು ಮದುವೆ ಊಟಕ್ಕೆ ಒಂದೇ ಪಂಕ್ತಿಯಲ್ಲಿ ಕೂರುತ್ತಾರೆ.

ಆದರೆ ಬಾಗಿಲನ್ನು ಯಾರಿಗೆ ಹಾಕಬೇಕು ಎಂದು ಸಾಫ್ಟ್‌ವೇರ್ ಹೇಳುವುದಿಲ್ಲ. ಹೇಳಬೇಕಾದದ್ದು ನಿಮ್ಮ ನಿಯಮ. ತನಗೆ ಸಂಬಂಧಪಟ್ಟ ವಿಷಯ ಬಂದಾಗ ಸದಸ್ಯರು ಅದನ್ನು ಮೊದಲೇ ಘೋಷಿಸಬೇಕು, ಆ ಕಾಗದ ಅವರಿಗೆ ಹೋಗಬಾರದು, ಚರ್ಚೆಯ ಹೊತ್ತಿಗೆ ಅವರು ಹೊರಗೆ ಕೂರಬೇಕು, ಹೊರಗೆ ಕೂತದ್ದು ನಡಾವಳಿಯಲ್ಲಿ ದಾಖಲಾಗಬೇಕು. ಅರ್ಧ ಪುಟದ ಠರಾವು ಇದು. ನಿಮ್ಮಲ್ಲಿ ಇಂಥ ಠರಾವು ಇದೆ ಎಂದು ಪತ್ರದಲ್ಲಿ ಎಲ್ಲೂ ಕಾಣಲಿಲ್ಲ. ಮೊದಲು ಅದು ಆಗಲಿ, ಅದಕ್ಕೆ ದುಡ್ಡು ಬೇಡ.

ಹಾಸ್ಟೆಲ್ ವಿಷಯದಲ್ಲಿ ಇನ್ನೊಂದು ಮಾತು. ಆ ವರದಿಯಲ್ಲಿ ಮಕ್ಕಳ ಹೆಸರು ಇತ್ತೇ? ಇದ್ದಿದ್ದರೆ ಸೋರಿಕೆಗಿಂತ ದೊಡ್ಡ ತೊಂದರೆ ಅದು. ವಿಚಾರಣೆಗೆ ಸಂಬಂಧಿಸಿದ ಮಗುವಿನ ಹೆಸರು, ವಿಳಾಸ, ಶಾಲೆ ಬಹಿರಂಗವಾಗುವುದನ್ನು 2015ರ ಬಾಲನ್ಯಾಯ ಕಾಯ್ದೆಯ 74ನೇ ಸೆಕ್ಷನ್ ನಿಷೇಧಿಸುತ್ತದೆ. ಪತ್ರಿಕೆ, ಟೀವಿ ಮಾತ್ರವಲ್ಲದೆ ‘ಇತರ ಸಂಪರ್ಕ ವಿಧಾನ’ಗಳನ್ನೂ ಅದು ಸೇರಿಸಿಕೊಂಡಿದೆ. ಮಂಡಳಿಗೆ ಹೋಗುವ ಪ್ರತಿಯಲ್ಲಿ ‘ವಿದ್ಯಾರ್ಥಿ ಅ’, ‘ವಿದ್ಯಾರ್ಥಿ ಆ’ ಎಂದು ಬರೆಯಿರಿ. ಹೆಸರಿನ ಪಟ್ಟಿ ಲಕೋಟೆಯಲ್ಲಿ ಅಧ್ಯಕ್ಷರ ಬಳಿ ಇರಲಿ.

ಈಗ ಅಜೆಂಡಾ. ನಾನು ಕಂಪನಿ ಸೆಕ್ರೆಟರಿಯಾಗಿ ಮಂಗಳೂರಿನಲ್ಲಿ ಕೂತು ಟ್ರಸ್ಟು, ಸಂಘಗಳ ಕಾಗದ ನೋಡುವವನು. ಸಾಫ್ಟ್‌ವೇರ್ ಬೇಕು ಎಂದು ಯಾರಾದರೂ ಬಂದರೆ ಮೊದಲು ಹಿಂದಿನ ಒಂದು ವರ್ಷದ ನಡಾವಳಿ ಕೇಳುತ್ತೇನೆ. ಒಂದು ಸಂಸ್ಥೆಯಲ್ಲಿ ಕಟ್ಟಡದ ಗುತ್ತಿಗೆ, ಮ್ಯಾನೇಜರನ್ನು ತೆಗೆದದ್ದು, ಬ್ಯಾಂಕ್ ಬದಲಿಸಿದ್ದು ಮೂರೂ ಬಂದದ್ದು ಕೊನೆಯ ವಿಷಯದಡಿ: ‘ಅಧ್ಯಕ್ಷರ ಅಪ್ಪಣೆ ಮೇರೆಗೆ ಇತರ ವಿಷಯಗಳು’. ಮೊದಲ ಆರು ವಿಷಯಗಳಲ್ಲಿ ಇದ್ದದ್ದು ಗತಸಭೆಯ ವರದಿ, ಶ್ರದ್ಧಾಂಜಲಿ, ಅಭಿನಂದನೆ. ಅವರು ಸಾಫ್ಟ್‌ವೇರ್ ಕೊಂಡರು. ಕಾಗದ ಮೊದಲಿನಂತೆಯೇ ಸಭೆಯ ದಿನ ಬೆಳಿಗ್ಗೆ ಬರುತ್ತಿತ್ತು, ಪೋರ್ಟಲ್ ಮೂಲಕ. ಎರಡನೆಯ ವರ್ಷ ನವೀಕರಿಸಲಿಲ್ಲ.

ಕಾನೂನಿನ ಮಾತಿಗೆ ಬರೋಣ. ನಿಮ್ಮ ಅಧ್ಯಕ್ಷರು ಹೇಳಿದ್ದು ಪೂರ್ತಿ ಸರಿಯಲ್ಲ, ಹಾಗೆಂದು ಪೂರ್ತಿ ತಪ್ಪೂ ಅಲ್ಲ. 2000ದ ಮಾಹಿತಿ ತಂತ್ರಜ್ಞಾನ ಕಾಯ್ದೆಯ 4ನೇ ಸೆಕ್ಷನ್ ವಿದ್ಯುನ್ಮಾನ ದಾಖಲೆಗೆ, 5ನೇ ಸೆಕ್ಷನ್ ವಿದ್ಯುನ್ಮಾನ ಸಹಿಗೆ ಮಾನ್ಯತೆ ಕೊಟ್ಟಿವೆ. ಆ ಕಾಯ್ದೆ ಹೊರಗಿಟ್ಟಿರುವ ದಾಖಲೆಗಳಲ್ಲಿ ಟ್ರಸ್ಟ್ ಪತ್ರ ಮತ್ತು ಮರಣಶಾಸನ ಸೇರಿವೆ, ನಡಾವಳಿ ಅಲ್ಲ. ಆದರೆ ಎಲ್ಲರೂ ಎಡವುವುದು ಸಹಿಯಲ್ಲಿ. ಬಿಳಿ ಹಾಳೆಯ ಮೇಲೆ ಹಾಕಿದ ಸಹಿಯ ಫೋಟೊ ತೆಗೆದು ಪಿಡಿಎಫ್ ಮೇಲೆ ಅಂಟಿಸಿದರೆ ಅದು ಕಾಯ್ದೆ ಹೇಳುವ ವಿದ್ಯುನ್ಮಾನ ಸಹಿ ಆಗುವುದಿಲ್ಲ. ಪರವಾನಗಿ ಪಡೆದ ಸಂಸ್ಥೆ ಕೊಡುವ ಡಿಜಿಟಲ್ ಸಿಗ್ನೇಚರ್ ಇರಬೇಕು, ಇಲ್ಲವೇ ಆಧಾರ್ ಮೂಲಕ ಗುರುತು ಖಚಿತಪಡಿಸಿ ಹಾಕುವ ಇ-ಸೈನ್ ಆಗಬೇಕು. ಸಾಫ್ಟ್‌ವೇರಿನವರು ‘ಸಹಿ ಸೌಲಭ್ಯ ಇದೆ’ ಎಂದಾಗ ಯಾವ ಬಗೆಯದು ಎಂದು ಕೇಳಿ. ಎಷ್ಟೋ ಕಡೆ ಅದು ಬೆರಳಲ್ಲಿ ಗೀಚುವ ಚಿತ್ರ ಮಾತ್ರ.

ಜಗಳ ಕೋರ್ಟಿಗೆ ಹೋದರೆ? 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಸೆಕ್ಷನ್ ಪ್ರಕಾರ ವಿದ್ಯುನ್ಮಾನ ದಾಖಲೆಯ ಜತೆ ಪ್ರಮಾಣಪತ್ರ ಬೇಕು. ಅದಕ್ಕೆ ಎರಡು ಭಾಗ: ಒಂದನ್ನು ದಾಖಲೆ ಹಾಜರುಪಡಿಸುವವರು, ಇನ್ನೊಂದನ್ನು ತಜ್ಞರು ತುಂಬಬೇಕು, ಫೈಲಿನ ಹ್ಯಾಶ್ ಮೌಲ್ಯವನ್ನೂ (ಫೈಲ್ ಬದಲಾಗಿಲ್ಲ ಎಂದು ತೋರಿಸುವ ಗುರುತಿನ ಸಂಕೇತ) ನಮೂದಿಸಬೇಕು. ಐದು ವರ್ಷದ ಹಿಂದೆ ಬಿಟ್ಟ ಕಂಪನಿಯ ಸರ್ವರಿನಲ್ಲಿ ನಿಮ್ಮ ಮೂಲ ಫೈಲ್ ಉಳಿದಿದ್ದರೆ ಈ ಪ್ರಮಾಣಪತ್ರ ಹೊಂದಿಸುವುದು ಎಷ್ಟು ಸುಲಭ ಎಂದು ನೀವೇ ಊಹಿಸಿ.

ಅದಕ್ಕೇ ನನ್ನ ಸಲಹೆ: ಕಾಗದ ಹಂಚುವುದು, ಓದುವುದು, ಕರಡು ತಿದ್ದುವುದು ಪರದೆಯ ಮೇಲೆ ನಡೆಯಲಿ. ಅಂತಿಮ ನಡಾವಳಿಯನ್ನು ಅಚ್ಚು ತೆಗೆದು, ಪುಟಸಂಖ್ಯೆ ಹಾಕಿ, ಪ್ರತಿ ಪುಟಕ್ಕೆ ಅಧ್ಯಕ್ಷರ ಚಿಕ್ಕ ಸಹಿ, ಕೊನೆಗೆ ಪೂರ್ಣ ಸಹಿ ಮಾಡಿಸಿ, ವರ್ಷಕ್ಕೊಮ್ಮೆ ಬೈಂಡ್ ಮಾಡಿಸಿ. ಅಚ್ಚಾದ ಹಾಳೆಯನ್ನು ಹಳೆಯ ಪುಸ್ತಕಕ್ಕೆ ಗೋಂದು ಹಾಕಿ ಅಂಟಿಸುವ ರೂಢಿ ನಮ್ಮಲ್ಲಿ ಬಹಳ. ಕಂಪನಿಗಳಿಗೆ ಅನ್ವಯಿಸುವ ಸೆಕ್ರೆಟರಿಯಲ್ ಮಾನದಂಡದಲ್ಲಿ ಅದಕ್ಕೆ ಆಸ್ಪದವಿಲ್ಲ. ಸಂಘಕ್ಕೆ ಆ ಮಾನದಂಡ ಕಡ್ಡಾಯವಲ್ಲ, ಆದರೆ ಅಂಟಿಸಿದ ಹಾಳೆಯನ್ನು ಬದಲಿಸುವುದು ಎಷ್ಟು ಸಲೀಸೋ ಅನುಮಾನ ಪಡುವುದೂ ಅಷ್ಟೇ ಸಲೀಸು. ಅಧ್ಯಕ್ಷರಿಗೆ ಕೈಬರಹದ ಪುಸ್ತಕವೇ ಇಷ್ಟವಾದರೆ ಬರೆಯಲಿ ಬಿಡಿ. ಎರಡರಲ್ಲಿ ಅಧಿಕೃತ ಯಾವುದು ಎಂದು ಮಾತ್ರ ಠರಾವಿನಲ್ಲಿ ಸ್ಪಷ್ಟವಾಗಿರಲಿ. ಅದಿಲ್ಲದಿದ್ದರೆ ಎರಡು ನಡಾವಳಿಯ ನಡುವಿನ ಒಂದು ಪದದ ವ್ಯತ್ಯಾಸವೇ ದಾವೆಗೆ ಸಾಕು.

ನಡಾವಳಿಗಿಂತ ಹೆಚ್ಚು ಅಪಾಯ ಇರುವುದು ನೋಟೀಸಿನಲ್ಲಿ. ನಿಮ್ಮ ಬೈಲಾದಲ್ಲಿ ‘ಸಭೆಯ ನೋಟೀಸನ್ನು ಅಂಚೆ ಅಥವಾ ಮುದ್ದಾಂ ಮೂಲಕ ಕಳುಹಿಸತಕ್ಕದ್ದು’ ಎಂದಿದ್ದರೆ ಆ್ಯಪಿನಲ್ಲಿ ಬರುವ ಗಂಟೆಯ ಶಬ್ದ ನೋಟೀಸ್ ಆಗುವುದಿಲ್ಲ. ಅಸಮಾಧಾನಗೊಂಡ ಒಬ್ಬ ಸದಸ್ಯ ಇಡೀ ಸಭೆಯನ್ನೇ ಪ್ರಶ್ನಿಸಬಹುದು. ದುಬೈ, ಮುಂಬಯಿಯವರು ವೀಡಿಯೊದಲ್ಲಿ ಕೂತದ್ದು ಕೋರಂಗೆ, ಅಂದರೆ ಸಭೆಗೆ ಬೇಕಾದ ಕನಿಷ್ಠ ಹಾಜರಾತಿಗೆ, ಸೇರುತ್ತದೋ ಎಂಬುದೂ ಹೀಗೆಯೇ. 2013ರ ಕಂಪನಿ ಕಾಯ್ದೆಯ 173ನೇ ಸೆಕ್ಷನ್ ನಿರ್ದೇಶಕರು ವೀಡಿಯೊ ಮೂಲಕ ಹಾಜರಾಗುವುದನ್ನು ಒಪ್ಪಿದೆ. 1960ರಲ್ಲಿ ಸಂಘಗಳ ಕಾಯ್ದೆ ಬರೆದವರಿಗೆ ಟ್ರಂಕ್ ಕಾಲ್ ಸಿಕ್ಕಿದ್ದೇ ಪುಣ್ಯ! ಹಾಗಾಗಿ ಉತ್ತರ ನಿಮ್ಮ ಬೈಲಾದಲ್ಲೇ ಇರಬೇಕು. ಇಲ್ಲದಿದ್ದರೆ ಮಹಾಸಭೆಯಲ್ಲಿ ತಿದ್ದುಪಡಿ ಮಾಡಿ, ಸಂಘಗಳ ನೋಂದಣಾಧಿಕಾರಿಗಳ ಕಚೇರಿಯಲ್ಲಿ ನೋಂದಾಯಿಸಿ. ಹೇಗೂ ವಾರ್ಷಿಕ ಮಹಾಸಭೆಯಾದ 14 ದಿನದೊಳಗೆ ಪದಾಧಿಕಾರಿಗಳ ಪಟ್ಟಿ, ಆಢಾವೆ ಪತ್ರಿಕೆ (ಬ್ಯಾಲೆನ್ಸ್ ಶೀಟ್) ಹಿಡಿದುಕೊಂಡು ಆ ಕಚೇರಿಯ ಮೆಟ್ಟಿಲು ಹತ್ತಲೇಬೇಕು.

ಡೆಮೊದಲ್ಲಿ ಯಾರೂ ತೋರಿಸದ ಒಂದು ಸಂಗತಿ ಕನ್ನಡ. ನಿಮ್ಮ ಕಚೇರಿಯ ಗುಮಾಸ್ತರು ಇಷ್ಟು ವರ್ಷ ನಡಾವಳಿ ಬೆರಳಚ್ಚು ಮಾಡಿದ್ದು ಹಳೆಯ ನುಡಿ ಅಥವಾ ಬರಹ ಫಾಂಟಿನಲ್ಲಿ ಇರಬಹುದು. ಅದು ಯೂನಿಕೋಡ್, ಅಂದರೆ ಎಲ್ಲ ಕಂಪ್ಯೂಟರಿಗೂ ಅರ್ಥವಾಗುವ ಏಕರೂಪದ ಅಕ್ಷರ ಸಂಕೇತ, ಅಲ್ಲ. ಕಂಪ್ಯೂಟರಿನ ಲೆಕ್ಕದಲ್ಲಿ ಅದು ಇಂಗ್ಲಿಷ್ ಅಕ್ಷರಗಳಿಗೆ ಕನ್ನಡದ ವೇಷ ಹಾಕಿದ್ದು. ಆ ಫಾಂಟ್ ಇಲ್ಲದ ಕಡೆ ವೇಷ ಕಳಚುತ್ತದೆ. ಒಂದು ಕಡೆ ಹದಿನೈದು ವರ್ಷದ ನಡಾವಳಿಗಳನ್ನು ಒಂದೇ ದಿನ ಪೋರ್ಟಲಿಗೆ ಏರಿಸಿದರು. ಸಂಜೆ ತೆರೆದು ನೋಡಿದರೆ ‘ಸಾಮಾನ್ಯ ಸಭೆ’ ಇರಬೇಕಾದ ಜಾಗದಲ್ಲಿ ಮೇಲೆ ಕೊಂಬು, ಚುಕ್ಕಿ ಹೊತ್ತ ರೋಮನ್ ಅಕ್ಷರಗಳ ಸಾಲು. ಪಿಡಿಎಫ್ ಮಾಡಿ ಹಾಕಿದ್ದವು ಕಣ್ಣಿಗೆ ಸರಿ ಕಂಡವು, ಆದರೆ ‘ಬಾವಿ ದುರಸ್ತಿ’ ಎಂದು ಹುಡುಕಿದರೆ ಒಂದೂ ಸಿಗಲಿಲ್ಲ. ಬಾವಿ ದುರಸ್ತಿಗೆ ಅವರು ಮೂರು ಸಲ ಹಣ ಮಂಜೂರು ಮಾಡಿದ್ದರು ಎಂಬುದು ಬೇರೆ ಮಾತು. ಹಳೆಯ ಫೈಲುಗಳನ್ನು ಯೂನಿಕೋಡಿಗೆ ತಿರುಗಿಸುವ ಪರಿವರ್ತಕಗಳು ಇವೆ, ಆದರೆ ಅರ್ಕಾವತ್ತು, ಒತ್ತಕ್ಷರಗಳನ್ನು ಒಬ್ಬರು ಕೂತು ಸಾಲು ಸಾಲಾಗಿ ನೋಡಲೇಬೇಕು. ಮೊತ್ತದ ಅಂಕಿಗಳನ್ನಂತೂ ಮೂಲ ಪುಸ್ತಕಕ್ಕೆ ತಾಳೆ ಹಾಕದೆ ನಂಬಬೇಡಿ. ಈ ಕೂಲಿ ಕಂಪನಿಯ ಕೊಟೇಶನ್ನಿನಲ್ಲಿ ಇರುವುದಿಲ್ಲ.

ಹಿರಿಯರಿಗೆ ಒಗ್ಗೀತೇ ಎಂದು ಕೇಳಿದ್ದೀರಿ. ‘ವಯಸ್ಸಾದವರಿಗೆ ಆಗುವುದಿಲ್ಲ’ ಎಂಬ ಮಾತನ್ನು ನಾನು ಕೇಳಿದಷ್ಟು ಸಲ ಅದು ನಿಜವಾದದ್ದನ್ನು ಕಂಡಿಲ್ಲ. ಒಂದು ಮಂಡಳಿಯಲ್ಲಿ 78 ವರ್ಷದ ನಿವೃತ್ತ ಹೆಡ್‌ಮಾಸ್ಟರರಿದ್ದರು. ಮೊದಲ ಸಭೆಯಲ್ಲಿ ಟ್ಯಾಬ್ಲೆಟನ್ನು ಮೇಜಿನ ಮೇಲೆ ಕವುಚಿ ಹಾಕಿ ಸುಮ್ಮನೆ ಕೂತರು. ಎರಡನೆಯ ಸಭೆಯಲ್ಲಿ ಪಕ್ಕದವರು ಎರಡು ಬೆರಳಲ್ಲಿ ಅಕ್ಷರ ಹಿಗ್ಗಿಸುವುದನ್ನು ತೋರಿಸಿಕೊಟ್ಟರು. ಆಢಾವೆ ಪತ್ರಿಕೆಯ ತಳದ ಟಿಪ್ಪಣಿ ಸಣ್ಣ ಅಕ್ಷರದಲ್ಲಿ ಅಚ್ಚಾಗಿ ಬರುತ್ತಿದ್ದುದರಿಂದ ಎಷ್ಟೋ ವರ್ಷದಿಂದ ಅವರು ಅದನ್ನು ಓದಲಾಗದೆ ಬಿಟ್ಟಿದ್ದರು. ಅವತ್ತು ಹಿಗ್ಗಿಸಿ ಓದಿದರು. ಓದಿ, ಕನ್ನಡಕ ತೆಗೆದಿಟ್ಟು, ‘ಇದೆಂತ ಮಾರಾಯ್ರೆ, ಈ ಸಾಲ ನಾವು ಯಾವಾಗ ಮಾಡಿದ್ದು?’ ಎಂದು ಕೇಳಿದರು. ಕೋಶಾಧಿಕಾರಿ ನೀರಿನ ಲೋಟಕ್ಕೆ ಕೈ ಹಾಕಿದರು.

ಅದೇ ಮಂಡಳಿಯಲ್ಲಿ ತಕರಾರು ಎತ್ತಿದವರು ನಲವತ್ತೈದರ ಉದ್ಯಮಿ. ಯಾರು ಯಾವ ಕಾಗದವನ್ನು ಯಾವಾಗ ತೆರೆದರು ಎಂಬ ದಾಖಲೆ ಸಾಫ್ಟ್‌ವೇರಿನಲ್ಲಿ ಉಳಿಯುತ್ತದೆ. ಅವರು ವರ್ಷವಿಡೀ ಒಂದನ್ನೂ ತೆರೆದಿರಲಿಲ್ಲ. ಕಾರ್ಯದರ್ಶಿ ಅದನ್ನು ಸಭೆಯಲ್ಲಿ ನಗುತ್ತಾ ಹೇಳಿಬಿಟ್ಟರು, ಅಲ್ಲಿಗೆ ಮುಗಿಯಿತು. ಈ ದಾಖಲೆ ಯಾರಿಗೆ ಕಾಣಬೇಕು ಎಂದು ಮೊದಲೇ ತೀರ್ಮಾನಿಸಿ. ನನ್ನನ್ನು ಕೇಳಿದರೆ ಸೋರಿಕೆಯ ತನಿಖೆ ಬಿಟ್ಟು ಬೇರೆ ಯಾವುದಕ್ಕೂ ಅದನ್ನು ತೆರೆಯಬಾರದು. ನೀವು ಮೇಲುಸ್ತುವಾರಿ ಮಾಡಬೇಕಾದದ್ದು ಹಾಸ್ಟೆಲಿನದ್ದು, ಮಂಡಳಿಯ ಸದಸ್ಯರದ್ದಲ್ಲ.

ಅಮೆರಿಕದ ಕಂಪ್ಯೂಟರಿನ ವಿಷಯ. ಡಿಲಿಜೆಂಟ್, ಆನ್‌ಬೋರ್ಡ್, ಬೋರ್ಡಬಲ್ ಮುಂತಾದವು ಅಲ್ಲಿಯ ಕಂಪನಿಗಳು ಹೌದು. ಆದರೆ ಈಗ ನೀವು ಬಳಸುತ್ತಿರುವ ವಾಟ್ಸಾಪ್ ಯಾವ ಊರಿನದ್ದು ಎಂದು ಕೋಶಾಧಿಕಾರಿಗಳನ್ನು ಕೇಳಿ ನೋಡಿ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ದತ್ತಾಂಶ ಹೊರದೇಶಕ್ಕೆ ಹೋಗುವುದನ್ನು ಸಾರಾಸಗಟಾಗಿ ನಿಷೇಧಿಸಿಲ್ಲ. ನಿರ್ಬಂಧಿತ ದೇಶಗಳನ್ನು ಹೆಸರಿಸುವ ಅಧಿಕಾರವನ್ನು ಕೇಂದ್ರಕ್ಕೆ ಕೊಟ್ಟಿದೆ. ಅದರಲ್ಲಿ ನಿಮಗೆ ತಟ್ಟುವ ಮಾತು ಬೇರೆ: ದತ್ತಾಂಶ ಜೋಪಾನ ಮಾಡುವ ಹೊಣೆ ಸಾಫ್ಟ್‌ವೇರ್ ಕಂಪನಿಗೆ ವಹಿಸಿಕೊಟ್ಟ ಮಾತ್ರಕ್ಕೆ ನಿಮ್ಮ ತಲೆಯಿಂದ ಇಳಿಯುವುದಿಲ್ಲ. ಭದ್ರತೆಯಲ್ಲಿ ಲೋಪವಾದರೆ ದಂಡದ ಗರಿಷ್ಠ ಮಿತಿ 250 ಕೋಟಿ ರೂಪಾಯಿ. ನಿಮ್ಮಂಥ ಸಂಸ್ಥೆಗೆ ಅಷ್ಟು ಬೀಳುತ್ತದೆ ಎಂದು ಹೆದರಿಸುತ್ತಿಲ್ಲ, ಕಂಪನಿಯ ಕರಾರಿನಲ್ಲಿ ‘ನಮ್ಮ ಜವಾಬ್ದಾರಿ ಇಲ್ಲ’ ಎಂಬ ಸಾಲು ಎಲ್ಲಿದೆ ಎಂದು ಹುಡುಕಿ ಓದಿ ಎನ್ನುತ್ತಿದ್ದೇನೆ.

ನಾನು ಕಂಡ ಅತಿ ಕೆಟ್ಟ ಪ್ರಕರಣದಲ್ಲಿ ಹ್ಯಾಕರೂ ಇರಲಿಲ್ಲ, ಅಮೆರಿಕವೂ ಇರಲಿಲ್ಲ. ಸಾಫ್ಟ್‌ವೇರಿನ ಅಡ್ಮಿನ್ ಖಾತೆಯನ್ನು ಅಂದಿನ ಮ್ಯಾನೇಜರು ತಮ್ಮ ಸ್ವಂತ ಜಿಮೇಲಿನಲ್ಲಿ ತೆರೆದಿದ್ದರು. ಆಮೇಲೆ ಗಲ್ಫಿಗೆ ಹೋದರು, ಇಲ್ಲಿಯ ಸಿಮ್ ನಿಂತುಹೋಯಿತು. ಓಟಿಪಿ ಹೋಗುತ್ತಿದ್ದದ್ದು ಆ ಸತ್ತ ನಂಬರಿಗೆ. ಮಹಾಸಭೆ ಹತ್ತಿರ ಬಂದಿತ್ತು, ಎರಡು ತಿಂಗಳು ತಮ್ಮದೇ ಕಾಗದ ತಮಗೆ ಸಿಗಲಿಲ್ಲ. ಉಡುಪಿಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಎರಡು ವರ್ಷಕ್ಕೊಮ್ಮೆ ಪರ್ಯಾಯದಲ್ಲಿ ಇಳಿಯುವ ಯತಿಗಳು ಏರುವವರ ಕೈಗೆ ಅಕ್ಷಯ ಪಾತ್ರೆ, ಸಟ್ಟುಗ, ಕೀಲಿಕೈ ಒಪ್ಪಿಸುತ್ತಾರಲ್ಲ, ಪಾಸ್‌ವರ್ಡಿಗೂ ಅಂಥದ್ದೊಂದು ಒಪ್ಪಿಸುವಿಕೆ ಬೇಕು. ಖಾತೆ ಸಂಸ್ಥೆಯ ಇ-ಮೇಲಿನಲ್ಲಿ ಇರಲಿ, ಮೊಬೈಲ್ ನಂಬರು ಸಂಸ್ಥೆಯ ಹೆಸರಿನದ್ದಾಗಿರಲಿ, ಇಬ್ಬರು ಅಡ್ಮಿನ್ ಇರಲಿ, ಪದಾಧಿಕಾರಿ ಬದಲಾದಾಗ ಹಸ್ತಾಂತರವಾದದ್ದು ನಡಾವಳಿಯಲ್ಲಿ ಬರಲಿ.

ಇನ್ನು ಹಾಕಿಸಿಕೊಳ್ಳಬೇಕೇ ಬೇಡವೇ. ಈಗಲೇ ಆ ಕೊಟೇಶನ್ನಿಗೆ ಸಹಿ ಹಾಕಬೇಡಿ ಎನ್ನುತ್ತೇನೆ.

ಏನೂ ಬದಲಿಸದೆ ವಾಟ್ಸಾಪಿನಲ್ಲೇ ಮುಂದುವರಿಯುವುದು ಸಾಧ್ಯವೇ ಎಂದರೆ, ದಿನಾಂಕ, ಸ್ಥಳ, ನೆನಪೋಲೆಗೆ ಸಾಕು. ದೂರು, ಸಂಬಳ, ನೇಮಕಾತಿಯ ಕಾಗದ ಅಲ್ಲಿಗೆ ಇನ್ನು ಹೋಗಲೇಬಾರದು.

ನಡುವಿನ ದಾರಿಯೊಂದಿದೆ. ನೋಂದಾಯಿತ ಸೇವಾ ಸಂಸ್ಥೆಗಳಿಗೆ ಗೂಗಲ್, ಇ-ಮೇಲ್ ಮತ್ತು ಫೈಲ್ ಇಡುವ ಜಾಗ ಎರಡೂ ಸೇರಿದ ತನ್ನ ವರ್ಕ್‌ಸ್ಪೇಸನ್ನು ಉಚಿತವಾಗಿ ಕೊಡುತ್ತದೆ. ಶಾಲೆ, ಆಸ್ಪತ್ರೆಗಳಿಗೆ ಆ ಯೋಜನೆ ಅನ್ವಯಿಸದು. ಆದ್ದರಿಂದ ಅರ್ಜಿ ನಿಮ್ಮ ಒಕ್ಕೂಟದ ಹೆಸರಿನಲ್ಲೇ ಹೋಗಬೇಕು; ಸಿಗುವುದು ಬಿಡುವುದು ಪರಿಶೀಲನೆಯ ಮೇಲಿದೆ. ಸಿಕ್ಕಿದರೆ ಸ್ವಂತ ಡೊಮೈನಿನ ಇ-ಮೇಲ್, ಸಭೆಗೊಂದು ಫೋಲ್ಡರ್, ವಿಷಯಕ್ಕೊಂದು ಉಪಫೋಲ್ಡರ್ ಮಾಡಿ. ಡೌನ್‌ಲೋಡ್, ಪ್ರಿಂಟ್ ನಿಲ್ಲಿಸುವ ಆಯ್ಕೆ ಅದರಲ್ಲಿದೆ. ಇದರ ಅಪಾಯ ಒಂದೇ ಒಂದು ಕ್ಲಿಕ್ಕಿನದು: ಯಾರೋ ಅವಸರದಲ್ಲಿ ‘ಲಿಂಕ್ ಇರುವ ಎಲ್ಲರಿಗೂ’ ಎಂದು ಒತ್ತಿದರೆ ಬಾಗಿಲು ಹಾರುಹೊಡೆಯುತ್ತದೆ. ಹಾಗೆ ಹೊರಗಿನವರಿಗೆ ಹಂಚಲು ಬಾರದಂತೆ ಅಡ್ಮಿನ್ ಮಟ್ಟದಲ್ಲೇ ಬಂದ್ ಮಾಡಿಸಿ. ಮತದಾನ, ಹಿತಾಸಕ್ತಿಯ ಘೋಷಣೆ, ಹಾಜರಾತಿ ಇವೆಲ್ಲ ಕೈಯಲ್ಲೇ ಬರೆಯಬೇಕಾಗುತ್ತದೆ. 19 ಜನಕ್ಕೆ ಅದೇನು ಭಾರವಲ್ಲ.

ಇದರಲ್ಲಿ ಮೂರು ಸಭೆ ನಡೆಸಿ. ಕಾಗದ ಏಳು ದಿನ ಮೊದಲು ಹೋಗುವ ಅಭ್ಯಾಸವಾಗಿ, ‘ಇತರ ವಿಷಯಗಳು’ ಬಡವಾಗಿ, ಯಾರಿಗೆ ಯಾವ ಫೋಲ್ಡರು ಎಂದು ಪ್ರತಿ ಸಲ ಹೊಂದಿಸುವುದೇ ನಿಮಗೆ ತಲೆನೋವಾಗಿದೆ ಎಂದರೆ, ಆಗ ಬೋರ್ಡ್ ಸಾಫ್ಟ್‌ವೇರಿಗೆ ಕೊಡುವ ದುಡ್ಡು ದಂಡವಲ್ಲ. ಅದಕ್ಕೆ 18 ಶೇಕಡಾ ಜಿಎಸ್‌ಟಿ ಸೇರಿಸಿ ಲೆಕ್ಕ ಹಾಕಿ. ಜಿಎಸ್‌ಟಿ ನೋಂದಣಿ ಇಲ್ಲದ ಸಂಘಕ್ಕೆ ಅದು ಹಿಂದಿರುಗುವುದಿಲ್ಲ. ವಿದೇಶಿ ಕಂಪನಿಯಾದರೆ ಡಾಲರ್ ಬಿಲ್ಲನ್ನು ಪದಾಧಿಕಾರಿಯೊಬ್ಬರ ಸ್ವಂತ ಕಾರ್ಡಿಗೆ ಜೋಡಿಸಬೇಡಿ. ತಾನಾಗಿ ಕಡಿತವಾಗುವ ಮೊತ್ತ 15,000 ರೂಪಾಯಿ ದಾಟಿದರೆ ಸಾಮಾನ್ಯವಾಗಿ ಪ್ರತಿ ಸಲ ಓಟಿಪಿ ಬೇಕು, ಅದು ತಪ್ಪಿದ ದಿನ ಖಾತೆ ನಿಲ್ಲುತ್ತದೆ. ಬಿಡುವ ದಿನ ಎಲ್ಲ ದಾಖಲೆ ಪಿಡಿಎಫ್ ರೂಪದಲ್ಲಿ, ತಾರೀಖಿನ ಸಮೇತ, ಹೆಚ್ಚಿನ ಶುಲ್ಕವಿಲ್ಲದೆ ಕೈಗೆ ಸಿಗಬೇಕು ಎಂಬ ಮಾತು ಕರಾರಿನಲ್ಲಿ ಇಲ್ಲದಿದ್ದರೆ ಎದ್ದು ಬನ್ನಿ.

ಆ ಕಂಪನಿಯವರು ಇನ್ನೊಮ್ಮೆ ಡೆಮೊಗೆ ಬರುವುದಾದರೆ ಮಳೆಗೆ ಕರೆಂಟು, ನೆಟ್‌ವರ್ಕ್ ಕೈಕೊಡುವ ಜೂನ್, ಜುಲೈಯಲ್ಲೇ ಕರೆಸಿ. ಅವರ ಮಾದರಿ ಕಾಗದ ಬೇಡ, ನಿಮ್ಮ ಹಳೆಯ ನುಡಿ ಫೈಲೊಂದನ್ನು ಅವರ ಕೈಗೆ ಕೊಟ್ಟು ಏರಿಸಲು ಹೇಳಿ. ಹಾಸ್ಟೆಲ್ ವಿಷಯವನ್ನು ಇಬ್ಬರಿಂದ ಮರೆಮಾಡಿ ತೋರಿಸಲಿ. ಆಮೇಲೆ ವೈ-ಫೈ ಆರಿಸಿ, ಕೋಣೆಯಲ್ಲಿರುವ ಅತಿ ಹಳೆಯ ಫೋನನ್ನು ಅಧ್ಯಕ್ಷರ ಕೈಗೆ ಕೊಟ್ಟು, ಕಂಪನಿಯ ಹುಡುಗನನ್ನು ಹೊರಗೆ ಚಾ ಕುಡಿಯಲು ಕಳುಹಿಸಿ. ಅವನು ವಾಪಸು ಬರುವಷ್ಟರಲ್ಲಿ ಅಧ್ಯಕ್ಷರು ಮೂರನೆಯ ವಿಷಯದ ಕಾಗದ ತೆರೆದಿದ್ದರೆ ಬೆಲೆಯ ಮಾತಿಗೆ ಕೂರಬಹುದು.